ಓದುಗರ ಪ್ರಶ್ನೆ, ನಮ್ಮ ಉತ್ತರ: ಸಪ್ಪೆಯಾಗಿ ಮುಗಿಯುತ್ತಿರುವ ಚಳಿಗಾಲ

ಈ ಸಂಚಿಕೆಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಹಿಮ ಬೀಳುವ ಉತ್ತರದ ಅಕ್ಷಾಂಶಗಳಲ್ಲಿ ನೆಲೆಸಿ, ಹವಾಮಾನ ವೀಕ್ಷಣೆಯನ್ನು ಹವ್ಯಾಸವಾಗಿ ಬೆಳೆಸಿಕೊಂಡಿರುವ ಓದುಗರು ಫೆಬ್ರುವರಿ ಮುಗಿಯುತ್ತಿರುವ ಈ ಹೊತ್ತಿನಲ್ಲಿ ಎರಡು ಪಕ್ಷಗಳಾಗಿ ವಾದಿಸುತ್ತಿದ್ದಾರೆ. ಚಳಿಗಾಲ ಸಪ್ಪೆಯಾಗಿ ಕಳೆದುಹೋಯಿತು, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂಬುದು ಒಂದು ಪಕ್ಷ. ಮಾರ್ಚ್ ದಾಟುವ ತನಕ ಆಸೆ ಬಿಡಬೇಕಾಗಿಲ್ಲ ಎಂಬುದು ಇನ್ನೊಂದು. ಹಿಮಕ್ಕಾಗಿ ತಿಂಗಳುಗಟ್ಟಲೆ ಕಾದು ಬರಿಗೈಯಲ್ಲಿ ಉಳಿದವರ ಬೇಸರವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಆ ಬೇಸರ ನನಗೂ ಪರಿಚಿತವಾದದ್ದು. ಆದರೆ ಪತ್ರಗಳನ್ನು ಓದುತ್ತಾ ಹೋದಂತೆ, ಬಿದ್ದ ಹಿಮದ ಲೆಕ್ಕವೂ ಬೀಳುತ್ತದೆಂದು ನಂಬಿಸಿದ ನಕ್ಷೆಗಳ ಲೆಕ್ಕವೂ ಒಂದರೊಳಗೊಂದು ಕಲಸಿಹೋಗಿರುವುದು ಕಂಡುಬಂತು. ಇವೆರಡನ್ನೂ ಬಿಡಿಸಿ ನೋಡುವ ಉದ್ದೇಶದಿಂದ ಏಳು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನೂ ನನ್ನ ಭಾವನವರೂ ಪ್ರತಿದಿನ ಉಷ್ಣಾಂಶವನ್ನು ಬರೆದಿಡುತ್ತೇವೆ. ಫೆಬ್ರುವರಿಯ ಕೊನೆಯ ದಿನಕ್ಕೆ ಚಳಿಗಾಲದ ಪುಸ್ತಕ ಮುಚ್ಚಬೇಕೆಂದು ಅವರು ಹೇಳುತ್ತಾರೆ. ಮಾರ್ಚ್ 20ರವರೆಗೂ ಚಳಿಗಾಲವೇ ಎಂದು ನನ್ನ ವಾದ. ಯಾರ ಮಾತು ಸರಿ? ಇನ್ನು ಹಿಮ ಬೀಳುವ ಸಾಧ್ಯತೆ ನಿಜವಾಗಿಯೂ ಇದೆಯೇ?

ಉತ್ತರ: ನೀವಿಬ್ಬರೂ ಬೇರೆ ಬೇರೆ ಪಂಚಾಂಗ ಹಿಡಿದು ಮಾತನಾಡುತ್ತಿರುವುದರಿಂದ ಇಬ್ಬರ ಮಾತೂ ಸರಿಯೇ. ಹವಾಮಾನ ವಿಜ್ಞಾನದಲ್ಲಿ ಡಿಸೆಂಬರ್, ಜನವರಿ, ಫೆಬ್ರುವರಿ ಈ ಮೂರು ಪೂರ್ಣ ತಿಂಗಳುಗಳನ್ನು ಚಳಿಗಾಲವೆಂದು ಎಣಿಸಿ, ಮಾರ್ಚ್ 1ರಿಂದ ವಸಂತವನ್ನು ಆರಂಭಿಸುತ್ತಾರೆ. ತಿಂಗಳನ್ನು ನಡುವೆ ಕತ್ತರಿಸದೆ ಸರಾಸರಿ ತೆಗೆಯುವುದು ಸುಲಭವೆಂಬುದೇ ಇದಕ್ಕೆ ಕಾರಣ. 1780ರಲ್ಲಿ ಜರ್ಮನಿಯ ಮನ್‌ಹೈಮ್‌ನಲ್ಲಿ ಸ್ಥಾಪನೆಯಾದ ಪ್ಯಾಲಟೈನ್ ಹವಾಮಾನ ಸಂಘವು ಹಲವು ದೇಶಗಳ ವೀಕ್ಷಕರಿಗೆ ಒಂದೇ ಬಗೆಯ ಉಪಕರಣಗಳನ್ನು ಕಳುಹಿಸಿ, ಗೊತ್ತುಪಡಿಸಿದ ಹೊತ್ತಿನಲ್ಲಿಯೇ ಅಳತೆ ಮಾಡಿಸಿದ ಕಾಲದಿಂದ ಇಂತಹ ಶಿಸ್ತು ಬೆಳೆದುಬಂದಿದೆ. ಖಗೋಳದ ಲೆಕ್ಕದಲ್ಲಾದರೆ ಚಳಿಗಾಲವು ಡಿಸೆಂಬರ್ 21ರ ಆಸುಪಾಸಿನ ಅತಿ ದೀರ್ಘ ರಾತ್ರಿಯಿಂದ ಆರಂಭವಾಗಿ, ಹಗಲಿರುಳು ಸಮವಾಗುವ ಮಾರ್ಚ್ 20ರ ಸುಮಾರಿಗೆ ಮುಗಿಯುತ್ತದೆ. ದಾಖಲೆಗಳನ್ನು ಬೇರೆಯವರ ದಾಖಲೆಗಳೊಂದಿಗೆ ಹೋಲಿಸಬೇಕೆಂದಿದ್ದರೆ ಭಾವನವರ ಪದ್ಧತಿಯನ್ನು ಅನುಸರಿಸುವುದು ಲೇಸು.

ನಿಮ್ಮ ಎರಡನೆಯ ಪ್ರಶ್ನೆಗೆ ಪಂಚಾಂಗದಲ್ಲಿ ಉತ್ತರವಿಲ್ಲ, ಹಿಂದಿನ ವರ್ಷಗಳ ದಾಖಲೆಯಲ್ಲಿದೆ. 1947ರಲ್ಲಿ ಬ್ರಿಟನ್ನಿನ ಜನ ಜನವರಿಯ ನಡುಭಾಗದಲ್ಲಿ ಹಿತವಾದ ಹವೆಯನ್ನು ಅನುಭವಿಸುತ್ತಿದ್ದರು. ಆ ತಿಂಗಳ ಮೂರನೆಯ ವಾರ ಕಳೆದ ಮೇಲೆ ಬಂದ ಚಳಿ ಮಾರ್ಚ್ ಮಧ್ಯದವರೆಗೂ ಜಗ್ಗಲಿಲ್ಲ, ಮತ್ತು ಅಷ್ಟು ದಿನ ಕೂಡಿಬಿದ್ದ ಹಿಮ ಒಮ್ಮೆಗೇ ಕರಗಿದಾಗ ದೊಡ್ಡ ಪ್ರವಾಹವೇ ಬಂತು. 2013ರ ಉದಾಹರಣೆ ಇನ್ನೂ ವಿಚಿತ್ರವಾದದ್ದು. ಆ ವರ್ಷದ ಮಾರ್ಚ್ ಬ್ರಿಟನ್ನಿನಲ್ಲಿ 1962ರ ನಂತರದ ಅತಿ ಶೀತಲ ಮಾರ್ಚ್ ಆಗಿ ದಾಖಲಾದುದಷ್ಟೇ ಅಲ್ಲ, ಅದರ ಹಿಂದಿನ ಡಿಸೆಂಬರ್, ಜನವರಿ, ಫೆಬ್ರುವರಿ ಮೂರಕ್ಕಿಂತಲೂ ತಣ್ಣಗಿತ್ತು. ಫೆಬ್ರುವರಿಯ ಕೊನೆಯಲ್ಲಿ ಪುಸ್ತಕ ಮುಚ್ಚಿದವರು ಆ ವರ್ಷದ ಅತಿ ಚಳಿಯ ತಿಂಗಳನ್ನೇ ಬಿಟ್ಟುಬಿಟ್ಟಂತಾಗಿತ್ತು. 2018ರಲ್ಲಿಯೂ ಮಾರ್ಚ್ 1, ಅಂದರೆ ವಸಂತದ ಮೊದಲ ದಿನವೇ, ಬ್ರಿಟನ್ ಮತ್ತು ಐರ್ಲೆಂಡಿನ ಬಹುಭಾಗ ಹಿಮದಡಿಯಲ್ಲಿತ್ತು.

ಇದಕ್ಕೊಂದು ಭೌತಿಕ ಕಾರಣವೂ ಇದೆ. ಅತಿ ದೀರ್ಘ ರಾತ್ರಿ ಕಳೆದ ಮೇಲೆಯೂ ಭೂಮಿ ಪಡೆಯುವ ಶಾಖಕ್ಕಿಂತ ಕಳೆದುಕೊಳ್ಳುವ ಶಾಖವೇ ಕೆಲವು ವಾರಗಳ ಕಾಲ ಹೆಚ್ಚಾಗಿರುವುದರಿಂದ ನೆಲ ಜನವರಿಯಲ್ಲಿಯೂ ತಣ್ಣಗಾಗುತ್ತಾ ಹೋಗುತ್ತದೆ. ಸಮುದ್ರವಂತೂ ಇನ್ನೂ ನಿಧಾನ. ಅದು ತನ್ನ ಅತಿ ತಣ್ಣನೆಯ ಸ್ಥಿತಿಗೆ ಬರುವುದು ಫೆಬ್ರುವರಿ ಕೊನೆಯಲ್ಲಿ ಅಥವಾ ಮಾರ್ಚ್‌ನಲ್ಲಿ. ಸಮುದ್ರವನ್ನು ದಾಟಿ ಬರುವ ಶೀತಗಾಳಿಗೆ ದಾರಿಯಲ್ಲಿ ಸಿಗುವ ಬಿಸಿ ಆ ಹೊತ್ತಿಗೆ ವರ್ಷದಲ್ಲಿಯೇ ಅತಿ ಕಡಿಮೆ.

ಹಾಗಿದ್ದೂ ನಿಮ್ಮ ಭಾವನವರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಫೆಬ್ರುವರಿ ಕೊನೆಯ ಸೂರ್ಯ ಅಕ್ಟೋಬರ್ ಮಧ್ಯದ ಸೂರ್ಯನಷ್ಟೇ ಎತ್ತರದಲ್ಲಿರುತ್ತಾನೆ. 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಮಧ್ಯಾಹ್ನ ದಿಗಂತದಿಂದ ಬರೀ 16.5 ಡಿಗ್ರಿ ಮೇಲಕ್ಕೆ ಬರುವ ಸೂರ್ಯ, ಈಗ ಸುಮಾರು 32 ಡಿಗ್ರಿಯವರೆಗೆ ಏರುತ್ತಾನೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ 80ರಿಂದ 90 ಪ್ರತಿಶತವನ್ನು ಹಿಂದಕ್ಕೆ ಚೆಲ್ಲುವುದಾದರೂ, ಕಪ್ಪು ರಸ್ತೆ, ಗೋಡೆ, ಮರದ ಕಾಂಡಗಳು ಬಿಸಿಲನ್ನು ಹೀರಿಕೊಂಡು ಸುತ್ತಲಿನ ಹಿಮವನ್ನು ಅಂಚಿನಿಂದ ತಿನ್ನತೊಡಗುತ್ತವೆ. ಆದ್ದರಿಂದ ಮಾರ್ಚ್‌ನಲ್ಲಿ ಹಿಮ ಬೀಳಬಹುದು. ಮೋಡ ಸರಿದ ಮೇಲೆ ವಾರಗಟ್ಟಲೆ ನೆಲದ ಮೇಲೆ ಉಳಿಯುವುದು ಮಾತ್ರ ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ.

ಪ್ರಶ್ನೆ: ಧ್ರುವದ ಮೇಲೆ ಬಹಳ ಎತ್ತರದಲ್ಲಿ ಹಠಾತ್ತನೆ ಬಿಸಿಯೇರಿದೆ, ಇನ್ನು ಎರಡೇ ವಾರದಲ್ಲಿ ಕಡುಚಳಿ ಬರುತ್ತದೆ ಎಂದು ಬಲ್ಲವರೆಲ್ಲ ಹೇಳಿದರು. ನಾವು ನಂಬಿ ಕಾದೆವು. ಬಂದದ್ದು ಚಿಟಿಚಿಟಿ ಮಳೆ. ಆ ಸಿದ್ಧಾಂತವೇ ಸುಳ್ಳೇ?

ಉತ್ತರ: ಸಿದ್ಧಾಂತ ಸುಳ್ಳಲ್ಲ, ಅದನ್ನು ಖಾತರಿಯ ಮಾತಾಗಿ ಹೇಳಿದ್ದು ತಪ್ಪು. ಈ ವಿಷಯದಲ್ಲಿ ಹವ್ಯಾಸಿಗಳಿಗೆ ಆಗುವ ಮನೋವ್ಯಥೆ ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಚಳಿಗಾಲದಲ್ಲಿ ಉತ್ತರ ಧ್ರುವದ ಮೇಲೆ ತಿಂಗಳುಗಟ್ಟಲೆ ಬಿಸಿಲೇ ಇರುವುದಿಲ್ಲ. ಅಲ್ಲಿನ ಸಮೋಷ್ಣ ಮಂಡಲದ, ಅಂದರೆ ಮೋಡ ಮಳೆಗಳ ಪದರಕ್ಕಿಂತ ಮೇಲಿನ ವಾಯುಪದರದ, ಗಾಳಿ ಅತಿಯಾಗಿ ತಣಿಯುತ್ತದೆ, ಮತ್ತು ಆ ಶೀತದ ಮಡುವಿನ ಸುತ್ತ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯೊಂದು ಸುತ್ತತೊಡಗುತ್ತದೆ. ಇದೇ ಧ್ರುವ ಸುಳಿ. ಬೆಟ್ಟಸಾಲುಗಳಿಂದಲೂ ನೆಲ ಮತ್ತು ಕಡಲಿನ ಉಷ್ಣಾಂಶದ ವ್ಯತ್ಯಾಸದಿಂದಲೂ ಕೆಳಗೆ ಹುಟ್ಟುವ ದೈತ್ಯ ಅಲೆಗಳು ಕೆಲವೊಮ್ಮೆ ಅಷ್ಟು ಎತ್ತರಕ್ಕೆ ಏರಿ, ಕಡಲ ತೆರೆ ದಡದಲ್ಲಿ ಒಡೆಯುವಂತೆ ಒಡೆದು, ಆ ಗಾಳಿಯ ವೇಗವನ್ನು ಮುರಿಯುತ್ತವೆ. ಆಗ ಧ್ರುವದ ಮೇಲಿನ ಗಾಳಿ ಕೆಳಕ್ಕಿಳಿದು, ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಕೆಲವೇ ದಿನಗಳಲ್ಲಿ 40ರಿಂದ 50 ಡಿಗ್ರಿಗಳಷ್ಟು ಏರಿಕೆ ಕಂಡದ್ದುಂಟು. ಬರ್ಲಿನ್ನಿನಲ್ಲಿ ಬಲೂನುಗಳನ್ನು ಹಾರಿಬಿಟ್ಟು ಮೇಲಿನ ಗಾಳಿಯನ್ನು ಅಳೆಯುತ್ತಿದ್ದ ರಿಚರ್ಡ್ ಶೆರ್‌ಹಾಗ್ ಎಂಬ ವಿಜ್ಞಾನಿ 1952ರಲ್ಲಿ ಇದನ್ನು ಮೊದಲು ಗುರುತಿಸಿದರು. ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ, 60 ಡಿಗ್ರಿ ಅಕ್ಷಾಂಶದಲ್ಲಿ, ಪಶ್ಚಿಮದ ಗಾಳಿ ತಿರುಗಿ ಪೂರ್ವದ ಗಾಳಿಯಾದರೆ ಅದನ್ನು ಪ್ರಮುಖ ಘಟನೆಯೆಂದು ಎಣಿಸುತ್ತಾರೆ. ಸರಾಸರಿಯಲ್ಲಿ ಹತ್ತು ವರ್ಷಗಳಿಗೆ ಆರು ಇಂತಹ ಘಟನೆಗಳಾಗುತ್ತವೆ, ಆದರೆ ಸರಾಸರಿಯನ್ನು ನಂಬಿ ಕೂರುವಂತಿಲ್ಲ: 1989ರ ಫೆಬ್ರುವರಿಯ ನಂತರ 1998ರ ಡಿಸೆಂಬರ್ ತನಕ ಒಂದೂ ಆಗಲಿಲ್ಲ.

ಇಷ್ಟೆಲ್ಲ ಆಗುವುದು ನಮ್ಮ ತಲೆಯ ಮೇಲೆ 30 ಕಿಲೋಮೀಟರ್ ಎತ್ತರದಲ್ಲಿ ಎಂಬುದನ್ನು ಮರೆಯಬಾರದು. ಅದರ ಪರಿಣಾಮ ಕೆಳಕ್ಕೆ ಇಳಿದು ಬರಲು ಎರಡು ವಾರಗಳಿಂದ ಹಿಡಿದು ಕೆಲವು ವಾರಗಳೇ ಬೇಕಾಗಬಹುದು, ಮತ್ತು ಮೂರರಲ್ಲಿ ಸುಮಾರು ಎರಡು ಘಟನೆಗಳ ಪರಿಣಾಮ ಮಾತ್ರ ನೆಲದ ಹವೆಯಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ. ಇಳಿದು ಬಂದರೂ ಚಳಿ ಯಾರ ಪಾಲಿಗೆ ಎಂಬುದು ಬೇರೆಯೇ ಪ್ರಶ್ನೆ. ಗ್ರೀನ್‌ಲ್ಯಾಂಡಿನ ಮೇಲೆ ಹೆಚ್ಚಿನ ಒತ್ತಡ ನೆಲೆಯೂರಿ ಜೆಟ್ ಪ್ರವಾಹವನ್ನು (ಎತ್ತರದಲ್ಲಿ ವೇಗವಾಗಿ ಹರಿಯುವ ಗಾಳಿಯ ಪಟ್ಟಿಯನ್ನು) ದಕ್ಷಿಣಕ್ಕೆ ತಳ್ಳಿದರೆ ಒಂದು ಕಡೆಯವರಿಗೆ ಹಿಮ, ಅದೇ ಒತ್ತಡ ಕೆಲವು ನೂರು ಕಿಲೋಮೀಟರ್ ಸರಿದು ಕುಳಿತರೆ ಅವರಿಗೆ ಮಳೆ, ಬೇರೊಬ್ಬರಿಗೆ ಹಿಮ.

ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2018ರ ಫೆಬ್ರುವರಿ 12ರಂದು ಧ್ರುವ ಸುಳಿ ಒಡೆಯಿತು, ಎರಡು ವಾರ ಕಳೆಯುವಷ್ಟರಲ್ಲಿ ಸೈಬೀರಿಯದ ಕಡೆಯಿಂದ ಬೀಸಿದ ಮೂಡುಗಾಳಿ ಯುರೋಪಿನುದ್ದಕ್ಕೂ ಹಿಮ ಸುರಿಸಿತು. 2019ರ ಜನವರಿ 2ರ ಸುಮಾರಿಗೆ ಮತ್ತೆ ಸುಳಿ ಒಡೆಯಿತು, ಮತ್ತೆ ಹಿಂದಿನ ವರ್ಷದ ನೆನಪಿನಲ್ಲಿ ಜನ ಕಾದರು. ಆ ತಿಂಗಳ ಕೊನೆಯಲ್ಲಿ ಅಮೆರಿಕದ ಮಧ್ಯಪಶ್ಚಿಮ ಭಾಗ ಭಯಂಕರ ಚಳಿಗೆ ಸಿಲುಕಿತು. ಆದರೆ ಫೆಬ್ರುವರಿ 26ರಂದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ 21.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿ, ಬ್ರಿಟನ್ನಿನ ಚಳಿಗಾಲದ ಉಷ್ಣಾಂಶದ ದಾಖಲೆಯೇ ಮುರಿಯಿತು. ಒಂದೇ ಬಗೆಯ ಘಟನೆ, ಒಂದೇ ನಾಡು, ಸುಮಾರು ಒಂದು ವರ್ಷದ ಅಂತರ. ಇದಕ್ಕಿಂತ ಬೇರೆ ಪಾಠ ಬೇಕೆಂದು ನನಗನಿಸುವುದಿಲ್ಲ. ಸುಳಿ ಒಡೆದಾಗ ಚಳಿಯ ಸಾಧ್ಯತೆ ಹೆಚ್ಚಿತೆಂದು ಹೇಳಬಹುದು, ಚಳಿ ಬಂತೆಂದು ಹೇಳಬಾರದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಿಬಿಡುತ್ತೇನೆ. 2019–20ರಲ್ಲಿ ಸುಳಿ ಒಡೆಯಲೇ ಇಲ್ಲ, ಅಸಾಧಾರಣವಾಗಿ ಬಲಗೊಂಡು ಶೀತವನ್ನೆಲ್ಲ ಧ್ರುವದ ಸುತ್ತಲೇ ಕಟ್ಟಿಹಾಕಿತು. ಯುರೋಪು ಅಲ್ಲಿಯವರೆಗಿನ ದಾಖಲೆಗಳಲ್ಲಿಯೇ ಅತಿ ಬೆಚ್ಚಗಿನ ಚಳಿಗಾಲವನ್ನು ಕಂಡಿತು. ಆ ವರ್ಷ ಕಾದವರಿಗೆ ಆಶೆ ಹುಟ್ಟಿಸುವ ನಕ್ಷೆಗಳೂ ಹೆಚ್ಚು ಸಿಗಲಿಲ್ಲ.

ಪ್ರಶ್ನೆ: ಈ ಚಳಿಗಾಲದಲ್ಲಿ ಕಡಿಮೆಯೆಂದರೂ ನಾಲ್ಕು ಬಾರಿ ಹತ್ತು ದಿನ ಮುಂದಿನ ನಕ್ಷೆಯಲ್ಲಿ ಹಿಮ ಕಾಣಿಸಿ, ದಿನ ಹತ್ತಿರವಾದಂತೆ ಮಾಯವಾಯಿತು. ಗಣಕಗಳು ಇಷ್ಟು ಬೆಳೆದಿದ್ದರೂ ಹೀಗೇಕೆ? ಮುನ್ಸೂಚನೆ ಕೊಡುವವರ ಬೇಜವಾಬ್ದಾರಿಯಲ್ಲವೇ?

ಉತ್ತರ: ಆ ನಕ್ಷೆಯನ್ನು ಯಾರೂ ನಿಮಗೆ ಮುನ್ಸೂಚನೆಯಾಗಿ ಕೊಟ್ಟದ್ದಲ್ಲ; ಗಣಕದ ಲೆಕ್ಕದ ಒಂದು ಹಾಳೆ ನಿಮ್ಮ ಕಣ್ಣಿಗೆ ಬಿತ್ತು ಅಷ್ಟೆ. ಹವೆಯನ್ನು ಲೆಕ್ಕ ಹಾಕುವ ಅಮೆರಿಕದ ಜಿಎಫ್‌ಎಸ್ ಎಂಬ ಗಣಕ ಮಾದರಿ ದಿನಕ್ಕೆ ನಾಲ್ಕು ಬಾರಿ, 16 ದಿನಗಳ ಮುಂದಿನವರೆಗೆ ಲೆಕ್ಕ ಹಾಕುತ್ತದೆ. ದಿನಕ್ಕೆ ನಾಲ್ಕು ಹಾಳೆಗಳಂತೆ ಮೂರು ತಿಂಗಳಲ್ಲಿ 360 ಹಾಳೆಗಳಾದವು. ಅಷ್ಟರಲ್ಲಿ ಕೆಲವು ಹಿಮದ ಬಿರುಗಾಳಿಯನ್ನು ತೋರಿಸದೆ ಹೋದರೆ ಅದೇ ಆಶ್ಚರ್ಯ, ಮತ್ತು ಹಿಮಪ್ರಿಯರು ಪರಸ್ಪರ ಹಂಚಿಕೊಳ್ಳುವುದು ಆ ಕೆಲವನ್ನೇ.

ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಸ್ 1961ರಲ್ಲಿ ತಮ್ಮ ಗಣಕದಲ್ಲಿ ಹವೆಯ ಒಂದು ಸರಳ ಮಾದರಿಯನ್ನು ಓಡಿಸುತ್ತಿದ್ದಾಗ, 0.506127 ಎಂಬ ಸಂಖ್ಯೆಯ ಬದಲು 0.506 ಎಂದು ಚುಟುಕಾಗಿ ಕೊಟ್ಟರು. ಸಾವಿರದಲ್ಲೊಂದು ಪಾಲಿಗೂ ಕಡಿಮೆಯ ಆ ವ್ಯತ್ಯಾಸದಿಂದ ಮೊದಮೊದಲು ಏನೂ ಆಗಲಿಲ್ಲ. ಲೆಕ್ಕ ಮುಂದುವರಿದಂತೆ ಎರಡು ಫಲಿತಾಂಶಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾಯಿತು. ಇಂದಿನ ಗಾಳಿಯನ್ನು ಭೂಮಿಯ ಪ್ರತಿಯೊಂದು ಮೂಲೆಯಲ್ಲಿಯೂ ಅಷ್ಟು ನಿಖರವಾಗಿ ಅಳೆಯುವ ಶಕ್ತಿ ಯಾರಿಗೂ ಇಲ್ಲವಾದ್ದರಿಂದ, ದಿನದಿಂದ ದಿನದ ಹವೆಯನ್ನು ಸುಮಾರು ಎರಡು ವಾರಗಳಾಚೆ ಹೇಳುವುದು ಗಣಕದ ವೇಗ ಎಷ್ಟೇ ಹೆಚ್ಚಿದರೂ ಸಾಧ್ಯವಾಗುವುದಿಲ್ಲ. ಅದರೊಳಗಿನ ಸಾಧನೆ ಮಾತ್ರ ನಿಜಕ್ಕೂ ಹೆಮ್ಮೆಪಡುವಂಥದ್ದು: ಕಳೆದ ಕೆಲವು ದಶಕಗಳಲ್ಲಿ ಪ್ರತಿ ಹತ್ತು ವರ್ಷಕ್ಕೆ ಸುಮಾರು ಒಂದು ದಿನದಂತೆ ಮುನ್ಸೂಚನೆ ಮುಂದಕ್ಕೆ ಹೋಗಿದೆ, ಅಂದರೆ ಇಂದಿನ ಆರು ದಿನದ ಮುನ್ಸೂಚನೆ ಹತ್ತು ವರ್ಷಗಳ ಹಿಂದಿನ ಐದು ದಿನದ್ದರಷ್ಟು ನಂಬಿಕಸ್ಥ.

ಈ ಅನಿಶ್ಚಯವನ್ನು ತಿಳಿಯಲೆಂದೇ ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರವು 1992ರಿಂದ ಸಮೂಹ ಮುನ್ಸೂಚನೆಯನ್ನು ಮಾಡುತ್ತಿದೆ. ಆರಂಭದ ಸ್ಥಿತಿಯನ್ನು ಅತ್ಯಲ್ಪವಾಗಿ ಬದಲಿಸಿ ಒಂದೇ ಲೆಕ್ಕವನ್ನು 50ರಷ್ಟು ಬಾರಿ ಮಾಡುತ್ತಾರೆ. ಅವುಗಳಲ್ಲಿ 40 ಲೆಕ್ಕಗಳು ಚಳಿಯನ್ನು ತೋರಿಸಿದರೆ ಗಮನ ಕೊಡಿ; 4 ತೋರಿಸಿದರೆ, ಅದರಲ್ಲೊಂದು ಎಷ್ಟೇ ಸುಂದರವಾದ ನಕ್ಷೆಯಾಗಿದ್ದರೂ, ಅದಕ್ಕೆ 4ರ ಬೆಲೆಯನ್ನಷ್ಟೇ ಕೊಡಿ.

ನಾನು ಪಾಲಿಸುವ ಒಂದು ಪದ್ಧತಿಯನ್ನು ಹೇಳುತ್ತೇನೆ. ನನ್ನ ದಿನಚರಿಯ ಎಡಪುಟದಲ್ಲಿ ಹತ್ತನೆಯ ದಿನಕ್ಕೆ ನಕ್ಷೆ ಏನು ಹೇಳಿತೆಂಬುದನ್ನು ಪೆನ್ಸಿಲಿನಲ್ಲಿ ಬರೆಯುತ್ತೇನೆ, ಆ ದಿನ ಬಂದಾಗ ನಿಜವಾಗಿ ಆದದ್ದನ್ನು ಬಲಪುಟದಲ್ಲಿ ಶಾಯಿಯಲ್ಲಿ ಬರೆಯುತ್ತೇನೆ. ಈ ಜನವರಿಯ ಒಂದು ಹಾಳೆಯಲ್ಲಿ ಎಡಕ್ಕೆ «ಮೂಡುಗಾಳಿ, ಭಾರಿ ಹಿಮ» ಎಂದಿದೆ, ಬಲಕ್ಕೆ «ನೈರುತ್ಯ ಗಾಳಿ, 9 ಡಿಗ್ರಿ, ತುಂತುರು» ಎಂದಿದೆ. ಎರಡು ಪುಟಗಳನ್ನು ಒಟ್ಟಿಗೆ ತೆರೆದಿಟ್ಟಾಗ, ನನ್ನ ಬೇಸರದಲ್ಲಿ ಎಷ್ಟು ಪಾಲು ಪೆನ್ಸಿಲಿನ ಪುಟದಿಂದ ಬಂದದ್ದು ಎಂಬುದು ಸ್ಪಷ್ಟವಾಗಿ ಕಂಡಿತು.

ಪ್ರಶ್ನೆ: ಫೆಬ್ರುವರಿಯ ಒಂದು ರಾತ್ರಿ ಬೀದಿದೀಪದ ಬೆಳಕಿನಲ್ಲಿ ಹತ್ತಿಯ ಎಳೆಗಳಂತಹ ಹಿಮ ಬೀಳತೊಡಗಿತು. ಹತ್ತು ನಿಮಿಷದಲ್ಲಿ ಅದು ಮಳೆಯಾಯಿತು. ಆಗ ಉಷ್ಣಾಂಶ 2 ಡಿಗ್ರಿ ಇತ್ತು. ಆದರೆ ಹೋದ ತಿಂಗಳು 3 ಡಿಗ್ರಿ ಇದ್ದಾಗಲೂ ಹಿಮವೇ ಬಿದ್ದಿತ್ತು. ಇದೆಂಥ ನ್ಯಾಯ?

ಉತ್ತರ: ನೀವು ನೋಡಬೇಕಾದದ್ದು ಗಾಳಿಯ ಉಷ್ಣಾಂಶವನ್ನಷ್ಟೇ ಅಲ್ಲ, ಆರ್ದ್ರ ಬಲ್ಬಿನ ಉಷ್ಣಾಂಶವನ್ನೂ ನೋಡಬೇಕು. ಉಷ್ಣಮಾಪಕದ ಬಲ್ಬಿಗೆ ತೆಳುವಾದ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿದಾಗ, ನೀರು ಆವಿಯಾಗುತ್ತಾ ಬಲ್ಬನ್ನು ತಣ್ಣಗಾಗಿಸುತ್ತದೆ. ಮಾಪಕ ಇಳಿದು ನಿಲ್ಲುವ ಅಂಕಿಯೇ ಆರ್ದ್ರ ಬಲ್ಬಿನ ಉಷ್ಣಾಂಶ. ಬೀಳುವ ಹಿಮದ ಹಳುಕಿಗೂ ಇದೇ ಅನುಭವ. ಒಣಗಾಳಿಯಲ್ಲಿ ಅದರ ಮೈಯ ತೇವ ಆವಿಯಾಗುತ್ತಾ ಹೋಗುತ್ತದೆ, ಮತ್ತು ಒಂದು ಕಿಲೋ ನೀರು ಆವಿಯಾಗಲು ಸೆಳೆದುಕೊಳ್ಳುವ ಶಾಖ ಅಷ್ಟೇ ತೂಕದ ಮಂಜುಗಡ್ಡೆ ಕರಗಲು ಬೇಕಾಗುವ ಶಾಖದ ಏಳು ಪಟ್ಟಿಗೂ ಹೆಚ್ಚು. ಹಾಗಾಗಿ ಸ್ವಲ್ಪವೇ ಆವಿಯಾದರೂ ಹಳುಕು ಕರಗದೆ ಉಳಿಯುತ್ತದೆ. 3 ಡಿಗ್ರಿಯ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ 50 ಪ್ರತಿಶತ ಇದ್ದರೆ ಆರ್ದ್ರ ಬಲ್ಬು ಸೊನ್ನೆಗಿಂತ ತುಸು ಕೆಳಗಿರುತ್ತದೆ. 2 ಡಿಗ್ರಿಯ ಗಾಳಿ 95 ಪ್ರತಿಶತ ತೇವದಿಂದ ತುಂಬಿದ್ದರೆ ಅದು ಒಂದೂವರೆ ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಹೋದ ತಿಂಗಳಿನ ಗಾಳಿ ಒಣಗಿದ್ದಿರಬೇಕು, ಈ ರಾತ್ರಿಯದು ಕಡಲಿನಿಂದ ಬಂದ ಒದ್ದೆ ಗಾಳಿಯಾಗಿರಬೇಕು.

ಮಳೆಯ ಬಿರುಸೂ ಲೆಕ್ಕಕ್ಕೆ ಬರುತ್ತದೆ. ಹಿಮ ದಟ್ಟವಾಗಿ ಬಿದ್ದರೆ, ಕರಗುವಾಗ ಅದು ಸುತ್ತಲಿನ ಗಾಳಿಯಿಂದ ಸೆಳೆಯುವ ಶಾಖ ಹೆಚ್ಚಾಗಿ, ಗಾಳಿಯೇ ಸೊನ್ನೆಯತ್ತ ಇಳಿಯುತ್ತದೆ. ಬಿರುಸು ತಗ್ಗಿದ ಕೂಡಲೇ ಬೆಚ್ಚನೆಯ ಗಾಳಿ ಗೆಲ್ಲುತ್ತದೆ. ನಿಮ್ಮ ಹತ್ತು ನಿಮಿಷದ ಹಿಮ ಬಹುಶಃ ಹೀಗೆ ಸೋತದ್ದು. ಆ ಹತ್ತು ನಿಮಿಷವನ್ನೂ ದಿನಚರಿಯಲ್ಲಿ ಬರೆದಿರುತ್ತೀರೆಂದು ನಂಬುತ್ತೇನೆ; ನೆಲದ ಮೇಲೆ ನಿಲ್ಲದಿದ್ದರೂ ಅದು ಹಿಮ ಬಿದ್ದ ದಿನವೇ.

ಪ್ರಶ್ನೆ: ನಮ್ಮ ಅಜ್ಜಂದಿರ ಕಾಲದಲ್ಲಿ ಪ್ರತಿ ಚಳಿಗಾಲವೂ ಹಿಮಮಯವಾಗಿತ್ತು ಎನ್ನುತ್ತಾರೆ. ಇದು ನಿಜವೋ, ನೆನಪಿನ ಆಟವೋ?

ಉತ್ತರ: ಎರಡೂ ಇದೆ. ನೆನಪು ದೊಡ್ಡ ಚಳಿಗಾಲಗಳನ್ನು ಹಿಡಿದಿಟ್ಟುಕೊಂಡು ಸಪ್ಪೆಯಾದವನ್ನು ಬಿಟ್ಟುಬಿಡುತ್ತದೆ. 1659ರಿಂದ ತಿಂಗಳು ತಿಂಗಳಿಗೆ ದೊರೆಯುವ ಮಧ್ಯ ಇಂಗ್ಲೆಂಡಿನ ಉಷ್ಣಾಂಶದ ಸರಣಿಯನ್ನು ನೋಡಿದರೆ, 1962–63ರ ಚಳಿಗಾಲ 1740ರ ನಂತರ ಅತಿ ಶೀತಲವಾದದ್ದೆಂದು ತಿಳಿಯುತ್ತದೆ. ಅದನ್ನು ಕಂಡವರು ಅದನ್ನೇ ಆ ಕಾಲದ ರೂಢಿಯೆಂಬಂತೆ ವರ್ಣಿಸುತ್ತಾರೆ, ಆದರೆ ಅವರ ಜೀವಮಾನದಲ್ಲಿಯೂ ಅಂಥದ್ದು ಬಂದದ್ದು ಒಂದೇ ಸಲ. ಹಿಂದೆಯೂ ಬೆಚ್ಚಗಿನ, ಮಳೆಯ ಚಳಿಗಾಲಗಳು ಬೇಕಾದಷ್ಟು ಇದ್ದವು.

ಆದರೂ ಅಜ್ಜಂದಿರು ಹೇಳುವುದರಲ್ಲಿ ಸತ್ಯ ಬಹಳವಿದೆ. ನೆದರ್‌ಲೆಂಡ್ಸಿನ ಫ್ರೀಸ್‌ಲ್ಯಾಂಡ್ ಪ್ರಾಂತದಲ್ಲಿ ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಹನ್ನೊಂದು ಪಟ್ಟಣಗಳನ್ನು ಸುತ್ತಿ ಬರುವ ಸುಮಾರು 200 ಕಿಲೋಮೀಟರ್‌ಗಳ ಸ್ಕೇಟಿಂಗ್ ಓಟವೊಂದಿದೆ. ದಾರಿಯುದ್ದಕ್ಕೂ ಮಂಜುಗಡ್ಡೆ 15 ಸೆಂಟಿಮೀಟರ್ ದಪ್ಪವಾಗಿದ್ದರೆ ಮಾತ್ರ ಅದನ್ನು ನಡೆಸುತ್ತಾರೆ. 1909ರಿಂದ 1997ರವರೆಗೆ 15 ಬಾರಿ ನಡೆದ ಆ ಓಟ, 1997ರ ಜನವರಿ 4ರ ನಂತರ ಒಮ್ಮೆಯೂ ನಡೆದಿಲ್ಲ. ನೆನಪು ಮೋಸ ಮಾಡಬಹುದು, ಕಾಲುವೆಯ ಮಂಜುಗಡ್ಡೆ ಮೋಸ ಮಾಡುವುದಿಲ್ಲ. 1979ರಿಂದೀಚೆಗೆ ಉತ್ತರ ಧ್ರುವ ಪ್ರದೇಶ ಇಡೀ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಹಾಗಾಗಿ ಅದೇ ದಿಕ್ಕಿನಿಂದ, ಅದೇ ಬಿರುಸಿನಲ್ಲಿ ಗಾಳಿ ಬೀಸಿದರೂ ಅದು ಹೊತ್ತು ತರುವ ಚಳಿ ಹಿಂದಿನಷ್ಟು ಹರಿತವಾಗಿರುವುದಿಲ್ಲ. ಸೊನ್ನೆಯ ಅಂಚಿನಲ್ಲಿರುವ ಊರುಗಳಿಗೆ ಒಂದು ಡಿಗ್ರಿಯ ವ್ಯತ್ಯಾಸವೆಂದರೆ ಹಿಮಕ್ಕೂ ಮಳೆಗೂ ಇರುವ ವ್ಯತ್ಯಾಸ.

ಇನ್ನೊಂದು ಸೂಕ್ಷ್ಮವಿದೆ. «ಸರಾಸರಿಗಿಂತ ತಣ್ಣಗಿನ ತಿಂಗಳು» ಎಂದು ಓದಿದಾಗ ಯಾವ ಸರಾಸರಿ ಎಂದು ಕೇಳಿ. ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿಯಂತೆ 30 ವರ್ಷಗಳ ಸರಾಸರಿಯನ್ನು ಬಳಸುತ್ತಾರೆ, ಮತ್ತು ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ಅದು 1961–1990ರ ಸರಾಸರಿಗಿಂತ ಬೆಚ್ಚಗಿನದು. ಇಂದು ಸರಾಸರಿಗಿಂತ ತಣ್ಣಗೆ ಎನಿಸಿಕೊಳ್ಳುವ ತಿಂಗಳು ಅಜ್ಜಂದಿರ ಲೆಕ್ಕದಲ್ಲಿ ಸಾಮಾನ್ಯದ್ದೇ ಆಗಿರಬಹುದು.

ಪ್ರಶ್ನೆ: ಚಳಿ ಬಾರದಿದ್ದರೆ ನಮಗೆ ಬೇಸರ, ಸರಿ. ಗಿಡಮರಗಳಿಗೆ ಒಳ್ಳೆಯದೇ ಅಲ್ಲವೇ?

ಉತ್ತರ: ಎಲ್ಲಕ್ಕೂ ಅಲ್ಲ. ಸೇಬು, ಚೆರಿಯಂತಹ ಮರಗಳ ಮೊಗ್ಗುಗಳಿಗೆ ಗೊತ್ತಾದಷ್ಟು ಗಂಟೆಗಳ ಚಳಿ ಸಿಕ್ಕಿದರೆ ಮಾತ್ರ ಅವು ಸರಿಯಾಗಿ ಬಿರಿಯುತ್ತವೆ. ಚಳಿಗಾಲದ ಗೋಧಿಗೂ ತೆನೆ ಬಿಡಲು ಚಳಿ ಬೇಕು. ಅದಕ್ಕಿಂತ ದೊಡ್ಡ ಅಪಾಯ ಬೇಗ ಬರುವ ವಸಂತದ್ದು. 2012ರ ಮಾರ್ಚ್‌ನಲ್ಲಿ ಅಮೆರಿಕದ ಪೂರ್ವಾರ್ಧದಲ್ಲಿ ಬೇಸಿಗೆಯಂತಹ ಸೆಕೆ ಬಂದು ಮಿಷಿಗನ್ನಿನ ಸೇಬಿನ ಮರಗಳು ಹೂ ಬಿಟ್ಟವು, ಏಪ್ರಿಲ್‌ನ ರಾತ್ರಿಗಳಲ್ಲಿ ಹಿಮಗಟ್ಟುವ ಚಳಿ ಮರಳಿತು, ಆ ರಾಜ್ಯದ ಸೇಬಿನ ಬೆಳೆಯ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಹಾಳಾಯಿತು. ಏಪ್ರಿಲ್‌ನ ಆ ಚಳಿ ಹೊಸದೇನೂ ಆಗಿರಲಿಲ್ಲ. ಅದು ಬರುವ ಹೊತ್ತಿಗೆ ಮೊಗ್ಗು ಇನ್ನೂ ಮುಚ್ಚಿರಬೇಕಾಗಿತ್ತು. ಹವಾಮಾನ ಬರೆದಿಡುವವರು ಮೊದಲ ಹೂ, ಮೊದಲ ಎಲೆ ಕಂಡ ದಿನವನ್ನೂ ಬರೆದಿಡಬೇಕೆಂದು ನಾನು ಕೇಳಿಕೊಳ್ಳುವುದು ಇದಕ್ಕಾಗಿಯೇ. ಇಂಗ್ಲೆಂಡಿನ ನಾರ್ಫಕ್‌ನಲ್ಲಿ ರಾಬರ್ಟ್ ಮಾರ್ಶಮ್ ಎಂಬವರು 1736ರಲ್ಲಿ ಆರಂಭಿಸಿದ ಇಂತಹ ವಸಂತದ ದಿನಚರಿಯನ್ನು ಅವರ ಮನೆತನದವರು 1958ರವರೆಗೆ ಮುಂದುವರಿಸಿದರು. ಇಂದಿನ ಸಂಶೋಧಕರಿಗೆ ಅದು ದೊಡ್ಡ ನಿಧಿ.

ಪ್ರಶ್ನೆ: ಮುಂದಿನ ಚಳಿಗಾಲ ಹೇಗಿರುತ್ತದೆಂದು ಈಗಲೇ ಹೇಳಬಹುದೇ? ಈ ವರ್ಷದ ಲೆಕ್ಕವನ್ನು ಹೇಗೆ ಮುಗಿಸಲಿ?

ಉತ್ತರ: ಮೊದಲನೆಯದಕ್ಕೆ ಉತ್ತರ, ಹೇಳಲಾಗದು. ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೋ, ತಣ್ಣಗಾಗುವ ಲಾ ನಿನಾಗಳಿಂದಲೂ, ಸಮಭಾಜಕದ ಮೇಲಿನ ಎತ್ತರದ ಗಾಳಿ ಸುಮಾರು 14 ತಿಂಗಳಿಗೊಮ್ಮೆ ದಿಕ್ಕು ಬದಲಿಸುವುದರಿಂದಲೂ ಕೆಲವು ಸುಳಿವುಗಳು ಶರತ್ಕಾಲದ ಹೊತ್ತಿಗೆ ಸಿಗುತ್ತವೆ, ಆದರೆ ಅವು ದಾಳವನ್ನು ಸ್ವಲ್ಪ ವಾಲಿಸುತ್ತವೆಯೇ ಹೊರತು ಯಾವ ಮುಖ ಬೀಳುತ್ತದೆಂದು ತಿಳಿಸುವುದಿಲ್ಲ. 1904ರಿಂದ 1924ರವರೆಗೆ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್, ನಮ್ಮ ಮುಂಗಾರನ್ನು ಮೊದಲೇ ತಿಳಿಯುವ ದಾರಿಗಾಗಿ ಜಗತ್ತಿನ ಒತ್ತಡ, ಮಳೆ, ಉಷ್ಣಾಂಶಗಳ ಅಂಕಿಗಳನ್ನು ಹೋಲಿಸುತ್ತಾ ಹೋದರು. ಮುಂಗಾರಿನ ಕೀಲಿಕೈ ಅವರಿಗೆ ಪೂರ್ತಿಯಾಗಿ ಸಿಗಲಿಲ್ಲ. ಆದರೆ ಐಸ್‌ಲ್ಯಾಂಡ್ ಬಳಿಯ ಮತ್ತು ಅಜೋರ್ಸ್ ದ್ವೀಪಗಳ ಬಳಿಯ ಒತ್ತಡಗಳು ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುವುದನ್ನು ಗುರುತಿಸಿ, ಉತ್ತರ ಅಟ್ಲಾಂಟಿಕ್ ಆಂದೋಲನವೆಂದು ಹೆಸರಿಟ್ಟವರು ಅವರೇ. ಇಂದು ಯುರೋಪಿನ ಹಿಮಪ್ರಿಯರು ಪ್ರತಿದಿನ ನೋಡುವ ಆ ಸೂಚ್ಯಂಕ ನಮ್ಮ ಮಳೆಯ ಹುಡುಕಾಟದಲ್ಲಿ ಹುಟ್ಟಿತೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಲೆಕ್ಕವನ್ನು ಮುಗಿಸಲು ಜರ್ಮನಿಯ ಹವಾಮಾನ ವಿಜ್ಞಾನಿ ಗುಸ್ಟಾಫ್ ಹೆಲ್‌ಮನ್ ಅವರ ಹೆಸರಿನ ವಿಧಾನ ಸುಲಭವಾದದ್ದು. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಯಾವ ಯಾವ ದಿನದ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿತ್ತೋ ಆ ದಿನಗಳ ಅಂಕಿಗಳನ್ನಷ್ಟೇ, ಋಣ ಚಿಹ್ನೆಯನ್ನು ಬಿಟ್ಟು, ಕೂಡಿಸಿ. ಒಂದು ದಿನ ಮೈನಸ್ 3, ಇನ್ನೊಂದು ದಿನ ಮೈನಸ್ 1.5 ಇದ್ದರೆ ಮೊತ್ತ 4.5. ಈ ವರ್ಷದ ಮೊತ್ತ ಚಿಕ್ಕದಾಗಿಯೇ ಬರಬಹುದು, ಆದರೂ ಬರೆಯಿರಿ. ಅದರ ಪಕ್ಕದಲ್ಲಿ ಹಿಮ ಬಿದ್ದ ದಿನಗಳು, ಬೆಳಿಗ್ಗೆ ನೆಲದ ಮೇಲೆ ಹಿಮವಿದ್ದ ದಿನಗಳು, ಅತಿ ಹೆಚ್ಚಿನ ದಪ್ಪ ಎಷ್ಟು ಎಂಬ ಮೂರು ಅಂಕಿಗಳನ್ನು ಸೇರಿಸಿ. ಹೆಲ್‌ಮನ್ ಲೆಕ್ಕ ಮಾರ್ಚ್ 31ರವರೆಗೆ ನಡೆಯುವುದರಿಂದ ನಿಮ್ಮಲ್ಲಿ ಯಾರೂ ಈ ವಾರವೇ ಪುಸ್ತಕ ಮುಚ್ಚುವಂತಿಲ್ಲ. ಕೊನೆಯ ಹಿಮ ಬಿದ್ದ ದಿನಾಂಕದ ಅಂಕಣವನ್ನು ಮಾತ್ರ ಏಪ್ರಿಲ್ ಕಳೆಯುವ ತನಕ ಖಾಲಿ ಬಿಡಿ.